ಪುಣೆಯ ಸರ್ಟಿಫಿಕೇಟು ಮತ್ತು ದುಬಲಗುಂಡಿಯ ಪೈಲ್ವಾನ

ಪುಣೆಯಿಂದ ಬಂದ ಲಕೋಟೆಯನ್ನು ನಾನು ಬ್ಯಾಂಕಿನ ಮೇಜಿನ ಮೇಲೆಯೇ ಒಡೆದೆ. ಮಧ್ಯಾಹ್ನದ ಊಟದ ಹೊತ್ತು, ಗಿರಾಕಿಗಳು ಇರಲಿಲ್ಲ. ಒಳಗೆ ದುಬಲಗುಂಡಿಯ ಮುದುಕನೊಬ್ಬ ನನ್ನ ಮೂಲಕ ಕಳಿಸಿದ್ದ ಪೈಲ್ವಾನನ ಫೋಟೋ, ಜೊತೆಗೆ ಟೈಪು ಮಾಡಿದ ಒಂದು ಹಾಳೆ. ಪರಿಶೀಲನೆಗೆ ಕಳಿಸಿದ ಸಹಿ ನಮ್ಮಲ್ಲಿರುವ ಮಾದರಿಗಳಿಗೆ ಹೊಂದುವುದಿಲ್ಲ, ಅಸಲಿ ಎಂದು ಪ್ರಮಾಣೀಕರಿಸಲಾಗದು ಎಂದಷ್ಟೇ ಅದರಲ್ಲಿತ್ತು. ಕೆಳಗೆ ಯಾರದೋ ಸಹಿ, ಅದರ ಮೇಲೊಂದು ದುಂಡು ಮುದ್ರೆ. ಓದಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಆ ಸಹಿ ಖೊಟ್ಟಿ ಎಂದು ನಾನು ಮೊದಲೇ ಅಂದುಕೊಂಡಿದ್ದೆ.

ಅದು ಎರಡು ಸಾವಿರದ ನಾಲ್ಕರ ಬೇಸಿಗೆ. ಬಸವಕಲ್ಯಾಣದ ಆ ಬ್ಯಾಂಕಿನಲ್ಲಿ ನನ್ನ ಕೆಲಸ ಚೆಕ್ಕಿನ ಸಹಿಯನ್ನು ಮಾದರಿ ಕಾರ್ಡಿನ ಸಹಿಯೊಂದಿಗೆ ತಾಳೆ ನೋಡುವುದು. ಕಂಪ್ಯೂಟರು ಬಂದಿದ್ದರೂ ಕಾರ್ಡುಗಳ ಮರದ ಡಬ್ಬಿ ಇನ್ನೂ ನನ್ನ ಬಲಗೈ ಬಳಿಯೇ ಇತ್ತು. ನಾನು ಚೆಕ್ಕನ್ನು ತಲೆಕೆಳಗು ಮಾಡಿ ನೋಡುತ್ತಿದ್ದೆ. ಹಾಗೆ ನೋಡಿದರೆ ಹೆಸರು ಕಣ್ಣಿಗೆ ಬೀಳುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ. ಪೆನ್ನು ಎಲ್ಲಿ ಎತ್ತಿದ್ದಾರೆ, ಎಲ್ಲಿ ತಡವರಿಸಿ ಶಾಯಿ ನಿಂತಿದೆ, ಎಲ್ಲಿ ಕೈ ಸಲೀಸಾಗಿ ಓಡಿದೆ ಎಂಬುದೆಲ್ಲ ತಿಳಿಯುತ್ತದೆ. ಕಾರ್ಡಿನ ಸಹಿಗೂ ಚೆಕ್ಕಿನ ಸಹಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೆ ನನಗೆ ಅನುಮಾನ ಬರುತ್ತಿತ್ತು. ಯಾವ ಮನುಷ್ಯನೂ ಎರಡು ಸಲ ಒಂದೇ ಥರ ಸಹಿ ಮಾಡುವುದಿಲ್ಲ. ಮಗಳ ಮಾರ್ಕ್ಸ್ ಕಾರ್ಡಿನಲ್ಲಿ ನನ್ನದೇ ಸಹಿಯನ್ನು ನಾನು ಎರಡೆರಡು ಸಲ ನೋಡುತ್ತೇನೆಂದು ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಇಂಥವನಿಗೆ ಇದ್ದ ಹವ್ಯಾಸವೂ ಅಂಥದ್ದೇ, ಪೈಲ್ವಾನರ ಹಸ್ತಾಕ್ಷರ ಕೂಡಿಸುವುದು. ನಮ್ಮ ಕಡೆ ಕುಸ್ತಿಯೆಂದರೆ ಪ್ರಾಣ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಹೆಸರು ಮಾಡಿದ ಒಬ್ಬ ದೊಡ್ಡ ಪೈಲ್ವಾನನಿದ್ದ. ನಾನು ಹವ್ಯಾಸ ಹಿಡಿಯುವ ಮೊದಲೇ ತೀರಿಕೊಂಡಿದ್ದ. ಅವನ ಸಹಿಯಿರುವ ಏಳು ಫೋಟೋ ನನ್ನಲ್ಲಿದ್ದವು. ಸೊಲ್ಲಾಪುರದ ಒಬ್ಬ ಫೋಟೋ ಕಟ್ಟುವವನು ಒಂದೊಂದಾಗಿ ತಂದುಕೊಟ್ಟಿದ್ದ. ಅಂಗಡಿಯವನ ಮಾತನ್ನು ನಂಬುವ ಪೈಕಿ ನಾನಲ್ಲ. ಹಾಗಾಗಿ ಏಳನ್ನೂ ಪುಣೆಯಲ್ಲಿ ಸಹಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಒಂದು ಖಾಸಗಿ ಸಂಸ್ಥೆಗೆ ಕಳಿಸಿದ್ದೆ. ಪ್ರತಿಯೊಂದಕ್ಕೂ ನಂಬರು ಹಾಕಿದ, ಹೊಳೆಯುವ ಬಂಗಾರದ ಬಣ್ಣದ ಚೀಟಿ ಅಂಟಿಸಿದ ಸರ್ಟಿಫಿಕೇಟು ಬಂದಿತ್ತು. ಆಮೇಲೆ ನಾನು ನಿಶ್ಚಿಂತನಾಗಿದ್ದೆ.

ಆ ವರ್ಷ ಹುಮನಾಬಾದಿನಲ್ಲಿ ಹೊಸ ತಾಲೀಮು ಕಟ್ಟುತ್ತಿದ್ದರು. ಕುಸ್ತಿ ಕಲಿಸುವ ಮನೆಗೆ ನಮ್ಮಲ್ಲಿ ತಾಲೀಮು ಎನ್ನುತ್ತಾರೆ. ನಾಗರಪಂಚಮಿಗೆ ಉದ್ಘಾಟನೆ. ಕಮಿಟಿಯ ಅಧ್ಯಕ್ಷರು ತೊಗರಿಬೇಳೆಯ ವ್ಯಾಪಾರಿ, ಹುಮನಾಬಾದಿನ ಹಳೆಯ ಮನೆತನ. ಹಣೆಯ ಗಂಧ ಸಂಜೆಯವರೆಗೂ ಅಳಿಯದ ಭಕ್ತ ಮನುಷ್ಯ. ಎಲ್ಲರೂ ಅವರನ್ನು ಸಾವ್ಕಾರರು ಎನ್ನುತ್ತಿದ್ದರು. ಒಳಗೋಡೆಗೆ ಪೈಲ್ವಾನರ ಫೋಟೋ ಹಾಕುವ ಯೋಚನೆ ಅವರದ್ದೇ. ನನ್ನ ಏಳರಲ್ಲಿ ಒಂದನ್ನು ತಾಲೀಮಿಗೆ ಕೊಟ್ಟೆ, ಸರ್ಟಿಫಿಕೇಟಿನ ಸಮೇತ. ಅದನ್ನು ನಡುಗೋಡೆಗೆ ಹಾಕಿ ಸಾವ್ಕಾರರು ನನಗೊಂದು ಶಾಲು ಹೊದಿಸಿದರು.

ಅವರೇ ಆ ಮುದುಕನನ್ನು ನನ್ನಲ್ಲಿಗೆ ಕಳಿಸಿದ್ದು. ಎಪ್ಪತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಕಂಬಳಿ. ದುಬಲಗುಂಡಿಯಲ್ಲಿ ಕುರಿ ಕಾಯುವವನು. ಕತ್ತು ಮಾತ್ರ ಇನ್ನೂ ಪೈಲ್ವಾನನ ಕತ್ತೇ ಆಗಿತ್ತು. ಕಂಬಳಿಯ ಮಡಿಕೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋಟೋ ತೆಗೆದು ಮೇಜಿನ ಮೇಲಿಟ್ಟ. ಅದೇ ದೊಡ್ಡ ಪೈಲ್ವಾನ, ಎಳೆಯ ವಯಸ್ಸಿನದು. ಕೆಳಗೆ ಮರಾಠಿಯಲ್ಲಿ ಅವನ ಹೆಸರು, ಒಂದನೇ ಇಯತ್ತೆಯ ಮಕ್ಕಳು ಬರೆದ ಹಾಗೆ, ಒಂದೊಂದು ಅಕ್ಷರ ಒಂದೊಂದು ಕಡೆ ವಾಲಿಕೊಂಡು. ಒಂದು ಮೂಲೆಯಲ್ಲಿ ಕೆಂಪು ಮಣ್ಣಿನ ಕಲೆ.

"ಇದು ಎಲ್ಲಿಂದ ಬಂತು?" ಎಂದೆ.

"ಅವನ ಕೊಟ್ಟಾನ್ರಿ ಸಾಹೇಬ್ರ. ಹುಮನಾಬಾದ್‌ನ್ಯಾಗ ನಾನು ಅವನು ಕುಸ್ತಿ ಹಿಡದೀವಿ. ಪಂಚಮಿ ಕುಸ್ತಿ, ಬೆಳ್ಳಿ ಕಡಗದ್ದು. ತಾಸು ಮ್ಯಾಲ ಆದ್ರೂ ಯಾರೂ ಬೀಳಲಿಲ್ಲ. ಬರಾಬರಿ ಬಿಡಿಸಿದ್ರು. ಮಣ್ಣಿನ ಕೈಲೆ ಇದ್ರ ಮ್ಯಾಲ ಹೆಸರು ಬರದು ಕೊಟ್ಟ."

"ಇದು ಅವರ ಕೈ ಅಲ್ಲ ಅನಿಸ್ತದ. ಅವರ ಸಹಿ ನನ್ನ ಹತ್ರ ಏಳು ಅವ."

"ಅಂವ ಸಾಲಿ ಕಲ್ತಾಂವ ಅಲ್ರಿ. ತನ್ನ ಹೆಸರೊಂದು ಹ್ಯಾಂಗೋ ಬರೀತಿದ್ದ. ನಂಗ ಅದೂ ಬರಂಗಿಲ್ಲ."

ಮಂತ್ರಿಗಳ ಕೈಯಿಂದ ಪೇಟ ಸುತ್ತಿಸಿಕೊಂಡವನು ಸಾಲಿ ಕಲಿತಿರಲಿಲ್ಲವೆಂದರೆ ನಾನು ನಂಬುವುದೆ? ಮುದುಕನ ಮುಖ ನೋಡಿದೆ. ಬ್ಯಾಂಕಿನಲ್ಲಿ ಸುಳ್ಳು ಹೇಳುವವರು ಬೇಡದ ವಿವರವನ್ನೂ ಹೇಳುತ್ತಾರೆ. ಇವನು ಹೇಳಿದ್ದು ಬಹಳ ಕಡಿಮೆ. ಅದರಿಂದಲೂ ನನಗೆ ಅನುಮಾನವೇ ಬಂತು.

"ಊರಾಗ ಮಂದಿ ನಂಬಂಗಿಲ್ರಿ," ಎಂದ ಅವನು. "ನಲವತ್ ವರ್ಷ ಆತು ಹೇಳಾಕತ್ತು. ಗ್ವಾಡಿಗಿ ಹಾಕಿದ್ರ ನೋಡಿ ಸುಮ್ಮನಾಗ್ತಾರ. ಸಾವ್ಕಾರ್ರು ಕಾಗದ ಬೇಕಂತಾರ, ಪುಣಾದ್ದು. ತರಿಸಿಕೊಡ್ರಿ."

ನಾನೇ ಫಾರಂ ತುಂಬಿದೆ, ನಾನೇ ರಿಜಿಸ್ಟರ್ ಪೋಸ್ಟು ಮಾಡಿದೆ. ಬಂದ ಉತ್ತರ ಮೊದಲೇ ಹೇಳಿದೆನಲ್ಲ, ಅದು. ಮುಂದಿನ ಭಾನುವಾರ ಹುಮನಾಬಾದಿಗೆ ಹೋಗಿ ಸಾವ್ಕಾರರ ಅಂಗಡಿಯಲ್ಲಿ ಹಾಳೆ ಓದಿ ಹೇಳಿದೆ. ಮುದುಕನೂ ಬಂದಿದ್ದ. ಬೇಳೆ ಖರೀದಿಗೆ ಬಂದ ನಾಲ್ಕು ಜನ ಅಲ್ಲಿದ್ದರು, ಅವರಲ್ಲಿ ಇಬ್ಬರು ದುಬಲಗುಂಡಿಯವರೇ. ಆಗ ನಾನು ಅದನ್ನು ಗಮನಿಸಲಿಲ್ಲ.

ಮುದುಕ ಫೋಟೋ ತಗೊಂಡು, "ಹಂಗಾರ ನಾ ಕನಸು ಕಂಡೀನಿ ಅನ್ರಿ," ಎಂದಷ್ಟೇ ಹೇಳಿ ಕಂಬಳಿ ಕೊಡವಿ ಎದ್ದುಹೋದ. ಎರಡು ವಾರದಲ್ಲಿ ಊರಿನವರು ಅವನನ್ನು 'ನಕಲಿ ಪೈಲ್ವಾನ' ಎಂದು ಕರೆಯತೊಡಗಿದರಂತೆ. ಇದನ್ನು ನನಗೆ ಹೇಳಿದವರು ಸಾವ್ಕಾರರೇ, ನಗುತ್ತ. ನಾನೂ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಆಮೇಲಿನದು ಒಂದು ಸೋಮವಾರ ಬೆಳಿಗ್ಗೆ ಬ್ಯಾಂಕಿನಲ್ಲಿ ಶುರುವಾಯಿತು. ಒಬ್ಬ ಕಿರಾಣಿ ವ್ಯಾಪಾರಿ ತನ್ನ ಅಣ್ಣನ ಖಾತೆಗೆ ಹೊಸ ಮಾದರಿ ಕಾರ್ಡು ತಂದಿದ್ದ. ಅಣ್ಣನಿಗೆ ಬರಲಾಗುವುದಿಲ್ಲ, ಮನೆಯಲ್ಲೇ ಸಹಿ ಮಾಡಿಸಿದ್ದೇನೆ ಎಂದ. ಜೊತೆಗೆ ಅಣ್ಣ ಬರೆದ ಚೆಕ್ಕನ್ನೂ ತಂದಿದ್ದ.

ನಾನು ರೇಗಿದೆ. "ಹಂಗ ನಡೆಯೂದಿಲ್ಲ. ಚೆಕ್ ನೀವ ತರ್ತೀರಿ, ಚೆಕ್ ತಾಳೆ ನೋಡೂ ಕಾರ್ಡೂ ನೀವ ತರ್ತೀರಿ. ಎರಡೂ ನಿಮ್ಮ ಕೈಯಿಂದ ಬಂದ್ರ ನಾ ಏನ್ ನೋಡ್ಲಿ? ಅಣ್ಣಾವ್ರು ಬರಬೇಕು, ನನ್ನ ಕಣ್ಣೆದುರಿಗಿ ಮಾಡಬೇಕು."

ಅವನು ಗೊಣಗುತ್ತ ಹೋದ. ನಾನು ಮುಂದಿನ ಚೆಕ್ಕಿಗೆ ಕೈ ಹಾಕಿ ಹಾಗೇ ಕುಳಿತೆ. ತೊಂಬತ್ತೆಂಟರಲ್ಲಿ ಮೊದಲ ಫೋಟೋ ಕಳಿಸಿದಾಗ ಪುಣೆಯವರು ಒಂದು ಪತ್ರ ಬರೆದಿದ್ದರು. ಈ ಪೈಲ್ವಾನರ ಮಾದರಿ ಸಹಿ ಸದ್ಯ ನಮ್ಮಲ್ಲಿ ಲಭ್ಯವಿಲ್ಲ, ತಾವು ಸಂಗ್ರಾಹಕರಾದ್ದರಿಂದ ತಮ್ಮಲ್ಲಿದ್ದರೆ ನಕಲು ಕಳಿಸಿ ಎಂದು. ನಾನು ಉಬ್ಬಿಹೋಗಿ, ಆಗ ನನ್ನಲ್ಲಿದ್ದ ಮೂರರ ಝೆರಾಕ್ಸ್ ಕಳಿಸಿದ್ದೆ. ಆ ಪತ್ರವನ್ನು ಮರೆತೇಬಿಟ್ಟಿದ್ದೆ. ಪುಣೆಯವರು ಯಾವ ಮಾದರಿಯ ಜೊತೆ ತಾಳೆ ನೋಡಿ ನನಗೆ ಸರ್ಟಿಫಿಕೇಟು ಕೊಟ್ಟರು ಎಂದು ಆರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಇದ್ದ ರಜೆ ಹಾಕಿ ಪುಣೆಗೆ ಹೊರಟೆ. ಸೊಲ್ಲಾಪುರದವರೆಗೆ ಬಸ್ಸು, ಅಲ್ಲಿಂದ ರೈಲು. ಸಂಸ್ಥೆಯೆಂದರೆ ದೊಡ್ಡ ಕಟ್ಟಡ ಇರಬಹುದೆಂದುಕೊಂಡಿದ್ದೆ. ಮೊದಲ ಮಹಡಿಯಲ್ಲಿ ಎರಡು ಕೋಣೆ, ಒಂದು ದೀಪದ ಮೇಜು, ದೊಡ್ಡ ಭೂತಗನ್ನಡಿ, ಕಪಾಟಿನ ತುಂಬ ಫೈಲು. ಪರೀಕ್ಷಕರು ಮರ್ಯಾದಸ್ಥ ಮನುಷ್ಯ. ಹಿಂದಿಯಲ್ಲಿ ಮಾತಾಡಿಸಿದರು, ಚಹಾ ತರಿಸಿದರು. ಆ ಪೈಲ್ವಾನರ ಮಾದರಿ ಫೈಲು ನೋಡಬಹುದೇ ಎಂದು ಕೇಳಿದೆ. ಅವರು ಹಿಂದೆಮುಂದೆ ನೋಡಿ, ಹಳೆಯ ಗಿರಾಕಿಯೆಂದು ತೆಗೆದುಕೊಟ್ಟರು.

ಫೈಲಿನಲ್ಲಿ ಮೂರೇ ಹಾಳೆ. ತಿರುಗಿಸಿದೆ. ಹಿಂಬದಿಯಲ್ಲಿ ನಮ್ಮ ಬ್ಯಾಂಕಿನ ರದ್ದಾದ ಡಿಡಿ ಅರ್ಜಿ ಅಚ್ಚಾಗಿತ್ತು. ಕಾಗದ ಹಾಳು ಮಾಡಬಾರದೆಂದು ನಾನು ಯಾವಾಗಲೂ ರದ್ದಿ ಫಾರಮಿನ ಬೆನ್ನಿಗೇ ಝೆರಾಕ್ಸ್ ಮಾಡಿಸುತ್ತಿದ್ದೆ. ಬೇರೆ ಯಾರ ಮಾದರಿಯೂ ಅಲ್ಲಿರಲಿಲ್ಲ. ನನ್ನ ಫೋಟೋಗಳನ್ನು ನನ್ನ ಫೋಟೋಗಳ ಜೊತೆಗೇ ತಾಳೆ ನೋಡಿ ಅಸಲಿ ಎಂದಿದ್ದರು. ಮುದುಕನ ಸಹಿಯನ್ನು ಅವುಗಳ ಜೊತೆ ತಾಳೆ ನೋಡಿ ಅಸಲಿ ಅಲ್ಲ ಎಂದಿದ್ದರು.

ಮೂರು ಹಾಳೆಗಳನ್ನು ಒಂದರ ಮೇಲೊಂದಿಟ್ಟು ದೀಪದ ಮೇಜಿನ ಮೇಲೆ ಹಿಡಿದೆ. ಸಹಿಗಳು ಒಂದರೊಳಗೊಂದು ಕೂತವು, ಕೊನೆಯ ಬಾಲದವರೆಗೂ. ಚೆಕ್ಕಿನಲ್ಲಿ ಇಂಥದ್ದು ಬಂದಿದ್ದರೆ ಅರ್ಧ ನಿಮಿಷದಲ್ಲಿ ತಿರುಗಿಸಿ ಕಳಿಸುತ್ತಿದ್ದೆ. ಪೈಲ್ವಾನನ ಪರವಾಗಿ ಯಾರೋ ಬರೆಯುವ ರೂಢಿಯುಳ್ಳವರು ಕೂತು ನೂರಾರು ಫೋಟೋಗಳಿಗೆ ಒಂದೇ ಮಾದರಿಯಿಂದ ಹೆಸರಿನ ಪಡಿಯಚ್ಚು ತೆಗೆದಿದ್ದಾರೆ. ಚಹಾ ಹಾಗೇ ಬಿಟ್ಟೆ.

ವಿಷಯ ಹೇಳಿದಾಗ ಪರೀಕ್ಷಕರು ಗಾಬರಿಯಾಗಲಿಲ್ಲ. ಸಹಿ ವಯಸ್ಸಿನ ಜೊತೆ ಬದಲಾಗುವುದು ಸಹಜ ಎಂದರು. ಮುದುಕರ ಫೋಟೋದಲ್ಲಿರುವುದು ಪೈಲ್ವಾನರ ಎಳೆಯ ವಯಸ್ಸಿನ ಸಹಿ, ನಿಮ್ಮವು ನಂತರದ ಸಹಿ ಎಂದು ಟಿಪ್ಪಣಿ ಹಾಕಿ ಅದಕ್ಕೂ ಸರ್ಟಿಫಿಕೇಟು ಕೊಡೋಣ, ಆ ಫೋಟೋದ ನಕಲು ನಮ್ಮಲ್ಲಿದೆ, ನೀವು ಬಂದಿದ್ದೀರಿ, ಇವತ್ತೇ ಆಗುತ್ತದೆ ಎಂದರು. ಹೊಳೆಯುವ ಚೀಟಿಗಳ ಸುರುಳಿ ಅವರ ಮೇಜಿನ ಮೇಲೆಯೇ ಇತ್ತು, ಅಂಚೆಕಚೇರಿಯ ಸ್ಟಾಂಪಿನ ಹಾಗೆ.

ಸುಳ್ಳು ಯಾಕೆ ಹೇಳಲಿ, ಮನಸ್ಸು ಹೊಯ್ದಾಡಿತು. ಮುದುಕನ ಫೋಟೋ ಗೋಡೆಗೇರುತ್ತದೆ, ನನ್ನ ಏಳೂ ಉಳಿಯುತ್ತವೆ, ಹೊದಿಸಿಕೊಂಡ ಶಾಲೂ ಉಳಿಯುತ್ತದೆ. ಆದರೆ ಅವರ ಕೈ ಆ ಸುರುಳಿಯತ್ತ ಹೋದದ್ದು ನೋಡಿದಾಗ, ಖೊಟ್ಟಿ ಎನ್ನುವುದಕ್ಕೆ ಅವರಿಗೆ ಎಷ್ಟು ಹೊತ್ತು ಹಿಡಿದಿತ್ತೋ ಅಸಲಿ ಎನ್ನುವುದಕ್ಕೂ ಅಷ್ಟೇ ಹೊತ್ತು ಎಂದು ಅರ್ಥವಾಯಿತು. ಬೇಡ ಎಂದೆ. ನನ್ನ ಮೂರು ನಕಲುಗಳನ್ನು ಫೈಲಿನಿಂದ ತೆಗೆಯಬೇಕು, ನನ್ನ ಏಳು ಸರ್ಟಿಫಿಕೇಟುಗಳನ್ನು ರದ್ದು ಮಾಡಬೇಕು ಎಂದು ಅಲ್ಲೇ ಅರ್ಜಿ ಬರೆದು, ತಲುಪಿದ್ದಕ್ಕೆ ಮುದ್ರೆ ಹಾಕಿಸಿಕೊಂಡೆ. ಪರೀಕ್ಷಕರ ಮುಖ ಗಂಟಿಕ್ಕಿತು. ಇಂಥ ಅರ್ಜಿ ಇದುವರೆಗೆ ಯಾರೂ ಕೊಟ್ಟಿಲ್ಲ ಎಂದರು.

ಆದರೆ ಇದರಿಂದ ಮುದುಕನ ಮಾತು ಖರೆಯಾಗಲಿಲ್ಲ. ನನ್ನವು ಖೊಟ್ಟಿಯೆಂದ ಮಾತ್ರಕ್ಕೆ ಅವನದು ಅಸಲಿ ಆಗಬೇಕೆಂದೇನೂ ಇಲ್ಲವಲ್ಲ. ವಾಪಸು ಬಂದ ಮರುದಿನವೇ ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ದುಬಲಗುಂಡಿಗೆ ಹೋದೆ. ಮುದುಕ ಹೊಲದ ಬದುವಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ. ಏಳಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ. ನಾನೇ ಕೂತೆ. ನಡೆದದ್ದನ್ನೆಲ್ಲ ಹೇಳಿದೆ.

"ಅಂದ್ರ ಖೊಟ್ಟಿ ನಿಮ್ದು," ಎಂದ.

"ಹೌದು, ನಂದು. ತಪ್ಪಾಯ್ತು ಪೈಲ್ವಾನ್ರ."

ಅವನು ಬದು ದಾಟುತ್ತಿದ್ದ ಕುರಿಯೊಂದನ್ನು ಕೂಗಿ ತಿರುಗಿಸಿದ. "ಎಲ್ಲಾರ ಮುಂದ ಸುಳ್ಳ ಅಂತ ಓದಿದ್ರಿ. ಈಗ ಹೊಲದಾಗ ಬಂದು ಒಬ್ಬಂವನ ಮುಂದ ಖರೆ ಅಂತೀರಿ. ಏನ್ ಮಾಡ್ಲಿ ಇದು ತಗೊಂಡು?"

ಬ್ಯಾಂಕಿನವನ ಬುದ್ಧಿಯಿಂದ ಒಂದೇ ಪ್ರಶ್ನೆ ಕೇಳಿದೆ. "ಆ ಪೈಲ್ವಾನ್ ಮತ್ತ್ಯಾರರ ಕಣ್ಣೆದುರು ಸಹಿ ಮಾಡಿದ್ದು ನೆನಪದ ಏನು? ನಿಮ್ಮ ಫೋಟೋ ಬಿಟ್ಟು."

"ವಹಿಯಾಗ ಮಾಡ್ಯಾನಲ್ರಿ," ಎಂದ ಅವನು, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವಂತೆ. "ಕುಸ್ತಿ ಬಿಡಿಸಿದ ಮ್ಯಾಲ ಎರಡೂ ಕಡೀ ಮಂದಿ ಬಡದಾಡಾಕ ನಿಂತ್ರು. ಈಗಿನ ಸಾವ್ಕಾರ್ರ ಅಪ್ಪಾವ್ರು ಪಂಚರು. ಇಬ್ಬರನೂ ಅಂಗಡಿಗಿ ಕರಕೊಂಡು ಹೋಗಿ, ಬರಾಬರಿ ಆಗ್ಯದ, ತಕರಾರು ಇಲ್ಲ ಅಂತ ವಹಿಯಾಗ ಬರದು, ಅವನ ಸಹಿ ನನ್ನ ಹೆಬ್ಬಟ್ಟು ತಗೊಂಡ್ರು."

"ಇದು ಮೊದಲ ಯಾಕ ಹೇಳಲಿಲ್ಲ?"

"ನೀವು ಪುಣಾದ್ದು ಕೇಳಿದ್ರಿ. ಹುಮನಾಬಾದ್‌ದು ಎಲ್ಲಿ ಕೇಳಿದ್ರಿ?"

ಸಾವ್ಕಾರರ ಅಂಗಡಿಯ ಹಳೆಯ ಲೆಕ್ಕದ ವಹಿಗಳು ನನಗೆ ಗೊತ್ತಿದ್ದವು. ಗದ್ದುಗೆಯ ಹಿಂದಿನ ಗೂಡಿನಲ್ಲಿ ಕೆಂಪು ಬಟ್ಟೆ ಸುತ್ತಿ ಪೇರಿಸಿದ್ದರು. ಪ್ರತಿ ದೀಪಾವಳಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರೇ ಹೊರತು, ಅವರ ಅಪ್ಪ ತೀರಿಕೊಂಡ ಮೇಲೆ ಯಾರೂ ಬಿಚ್ಚಿರಲಿಲ್ಲ. ನಾನು ಕೇಳಿದಾಗ ಸಾವ್ಕಾರರು ಸುತರಾಂ ಒಪ್ಪಲಿಲ್ಲ.

"ಪೂಜಾ ಆದ ವಹಿ ಬಿಚ್ಚಬಾರದ್ರಿ. ಅದೂ ಒಬ್ಬ ಕುರಿ ಕಾಯೂ ಮುದುಕ್ಯಾನ ಮಾತಿಗಿ?"

"ಸಾವ್ಕಾರ್ರ, ನಿಮ್ಮ ಗ್ವಾಡಿ ಮ್ಯಾಲ ನಂದೊಂದು ಖೊಟ್ಟಿ ಸಹಿ ಅದ. ಪಂಚಮಿಗಿ ಊರೆಲ್ಲಾ ಅದಕ್ಕ ಹೂವಿನ ಮಾಲಿ ಹಾಕ್ತಾರ. ನೀವು ವಹಿ ಬಿಚ್ಚದಿದ್ರ ನಾ ಅವತ್ತ ಎಲ್ಲಾರ ಎದುರಿಗಿ ನಿಂತು ಹೇಳ್ತೀನಿ."

ಅವರು ನನ್ನನ್ನು ಹುಚ್ಚನ ಹಾಗೆ ನೋಡಿದರು. ಮೂರು ದಿನ ಬಿಟ್ಟು, ಗುರುವಾರ ಸ್ನಾನ ಪೂಜೆ ಮುಗಿಸಿ ತಾವೇ ಬಿಚ್ಚುವುದಾಗಿ ಹೇಳಿಕಳಿಸಿದರು. ಗೂಡಿನ ವಹಿಗಳನ್ನೆಲ್ಲ ತಾಲೀಮಿಗೇ ತರಬೇಕು, ಕಮಿಟಿಯವರೂ ಮುದುಕನೂ ದುಬಲಗುಂಡಿಯ ಆ ಇಬ್ಬರೂ ಇರಬೇಕು ಎಂದು ನಾನು ಹಟ ಹಿಡಿದೆ.

ಗುರುವಾರ ಮೂರನೆಯ ವಹಿಯಲ್ಲಿ ಪುಟ ಸಿಕ್ಕಿತು. ಮರಾಠಿಯಲ್ಲಿ ಆರು ಸಾಲು. ಕೆಳಗೆ ದೊಡ್ಡ ಪೈಲ್ವಾನನ ಹೆಸರು, ವಾಲಿದ ಅಕ್ಷರಗಳಲ್ಲಿ. ಮುದುಕನ ಫೋಟೋ ಪಕ್ಕದಲ್ಲಿಟ್ಟು ಎರಡನ್ನೂ ತಲೆಕೆಳಗು ಮಾಡಿದೆ. ಪೂರ್ತಿ ಒಂದೇ ಥರ ಇರಲಿಲ್ಲ. ಎರಡರಲ್ಲೂ ಪೆನ್ನು ಒಂದೇ ಕಡೆ ಎದ್ದಿತ್ತು, ಮೂರನೆಯ ಅಕ್ಷರದ ಮುಂದೆ ಒಂದೇ ಥರ ತಡವರಿಸಿತ್ತು. ಜೀವಂತ ಕೈಯ ಸಹಿ ಹೀಗೇ ಇರುತ್ತದೆ.

ಪಕ್ಕದಲ್ಲಿ ನೀಲಿ ಹೆಬ್ಬಟ್ಟಿನ ಗುರುತು, ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ದುಬಲಗುಂಡಿಯವರಲ್ಲಿ ಒಬ್ಬ, "ಹೆಬ್ಬಟ್ಟು ಯಾರದರ ಇರಬಹುದಲ್ಲ," ಎಂದ. ಅವನು ಕೇಳಿದ್ದು ಸರಿಯೇ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಬ್ಯಾಂಕಿನಿಂದ ಇಂಕ್ ಪ್ಯಾಡನ್ನೂ ಭೂತಗನ್ನಡಿಯನ್ನೂ ತಂದಿದ್ದೆ. ಮುದುಕನಿಗೆ ಎಡಗೈ ಚಾಚಲು ಹೇಳಿದೆ. ಅವನು ಕೈ ಹಿಂದೆ ಎಳೆದುಕೊಂಡ.

"ಒಂದ್ ವ್ಯಾಳ್ಯಾ ಹೊಂದಲಿಲ್ಲಂದ್ರ?" ಎಂದ ಮೆಲ್ಲಗೆ. "ಈ ಬ್ಯಾಸಿಗಿ ತುಂಬ ನಕಲಿ ನಕಲಿ ಅಂತ ಕೇಳಿ ಕೇಳಿ, ನನಗ ನನ್ನ ಮ್ಯಾಲ ನಂಬಿಗಿ ಹೋಗ್ಯದ್ರಿ ಸಾಹೇಬ್ರ."

ಇದು ನಾನು ಮಾಡಿದ್ದು. ನಾನೇ ಅವನ ಹೆಬ್ಬೆರಳು ಹಿಡಿದು ಬಿಳಿ ಹಾಳೆಯ ಮೇಲೆ ಹೊರಳಿಸಿದೆ. ನೀಲಿಯ ನಡುವೆ ಓರೆಯಾಗಿ ಬಿಳಿ ಗೆರೆ ಮೂಡಿತು. ಚಿಕ್ಕವನಿದ್ದಾಗ ಉಣ್ಣೆ ಕತ್ತರಿಸುವ ಕತ್ತರಿ ತಾಗಿದ ಗಾಯವಂತೆ. ಹಾಳೆಯನ್ನೂ ವಹಿಯನ್ನೂ ಭೂತಗನ್ನಡಿಯನ್ನೂ ಕೇಳಿದವನ ಕೈಗೇ ಕೊಟ್ಟೆ. ಅವನು ನೋಡಿ ಸಾವ್ಕಾರರಿಗೆ ಕೊಟ್ಟ. ಸಾವ್ಕಾರರು ನೋಡಿ, ತಮ್ಮ ಅಪ್ಪನ ಅಕ್ಷರದ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಮುದುಕನ ಕಡೆ ತಿರುಗಿ, "ಬರ್ರಿ ಪೈಲ್ವಾನ್ರ, ಇಲ್ಲಿ ಕೂಡ್ರಿ," ಎಂದು ತಮ್ಮ ಪಕ್ಕದ ಜಾಗ ತೋರಿಸಿದರು. ದುಬಲಗುಂಡಿಯವರು ಸರಿದು ಅವನಿಗೆ ದಾರಿ ಬಿಟ್ಟರು.

ನಾನು ಎದ್ದು ಹೋಗಿ ನಡುಗೋಡೆಯಿಂದ ನನ್ನ ಫೋಟೋ ಇಳಿಸಿದೆ. ಚೌಕಟ್ಟಿನ ಹಿಂದೆ ಅಂಟಿಸಿದ್ದ ಸರ್ಟಿಫಿಕೇಟನ್ನು ಎಲ್ಲರೆದುರು ಕಿತ್ತೆ. ಚೀಟಿ ಹರಿಯಲೊಲ್ಲದು, ಉಗುರಿನಿಂದ ಕೆರೆಯಬೇಕಾಯಿತು. ಫೋಟೋವನ್ನೂ ಚೀಲಕ್ಕೆ ಹಾಕುವಷ್ಟರಲ್ಲಿ ಮುದುಕ ಬಂದು, "ತಡೀರಿ," ಎಂದು ನನ್ನ ಕೈಯಿಂದ ತಗೊಂಡ. ಬೆಳಕಿಗೆ ಹಿಡಿದು ನೋಡಿದ. ಅದು ದೊಡ್ಡ ಪೈಲ್ವಾನ ಹೆಸರು ಮಾಡಿದ ಮೇಲಿನ ಫೋಟೋ, ಎದೆ ಸೆಟೆಸಿ ಕಡಗ ಹಾಕಿಕೊಂಡು ನಿಂತದ್ದು.

"ಸಹಿ ಯಾರದರ ಇರಲಿ, ಮಾರಿ ಅಂತೂ ಅವಂದ ಅದ. ಯಾಕ ಇಳಸ್ತೀರಿ?" ಎಂದ. ಮತ್ತೆ ನೀಲಿ ಹತ್ತಿದ ಹೆಬ್ಬೆರಳನ್ನು ಗಾಜಿನ ಮೇಲಿಟ್ಟು ತೋರಿಸಿದ. "ಎಡಗಿವಿ ನೋಡ್ರಿ."

ನೋಡಿದೆ. ಕಿವಿ ಮುದುಡಿ ಗಂಟಾಗಿತ್ತು. ಮುದುಕನ ಫೋಟೋದಲ್ಲಿ, ಆ ಎಳೆಯ ವಯಸ್ಸಿನ ಮುಖದಲ್ಲಿ, ಅದೇ ಕಿವಿ ನೆಟ್ಟಗಿತ್ತು. ಇಷ್ಟು ವರ್ಷದಲ್ಲಿ ನಾನು ಆ ಏಳು ಫೋಟೋಗಳ ಕೆಳಗಿನ ಮೂಲೆ ಬಿಟ್ಟರೆ ಬೇರೇನನ್ನೂ ನೋಡಿರಲಿಲ್ಲ.

"ಆ ಪಂಚಮಿ ಕುಸ್ತ್ಯಾಗ ಮುರದದ್ರಿ ಅದು," ಎಂದ ಮುದುಕ. "ನನ್ನ ತೋಳಾಗ."